ಎಕ್ಕದ ಗಿಡಕ್ಕೆ ಹುಳ ಬಿದ್ದಿದೆ, ಏನು ಹೊಡೆಯಲಿ?

ಪ್ರಶ್ನೆ: ನಮ್ಮ ಕಾಂಪೌಂಡ್ ಪಕ್ಕ ತಾನಾಗಿಯೇ ಒಂದು ಎಕ್ಕದ ಗಿಡ ಎದ್ದಿದೆ. ರಥಸಪ್ತಮಿಗೆ ಎಲೆ ಸಿಗುತ್ತದಲ್ಲ ಅಂತ ಬಿಟ್ಟುಕೊಂಡೆವು. ಈಗ ಮೈತುಂಬ ಪಟ್ಟೆಯಿರುವ ಹುಳಗಳು ಎಲೆ ತಿಂದು ಬೋಳು ಮಾಡುತ್ತಿವೆ. ಯಾವ ಔಷಧಿ ಹೊಡೆಯಬೇಕು? ಪಕ್ಕದ ಮನೆಯವರು ವಿಷದ ಗಿಡ, ಕಡಿದು ಹಾಕಿ ಅನ್ನುತ್ತಾರೆ.
– ಓದುಗರೊಬ್ಬರು, ಹಿರಿಯೂರು

ಉತ್ತರ: ಏನೂ ಹೊಡೆಯಬೇಡಿ. ಮೊದಲು ಒಂದು ಹುಳವನ್ನು ಹತ್ತಿರದಿಂದ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆ ಇದೆಯೇ? ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ ಇದೆಯೇ? ಹಾಗಿದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಕಿತ್ತಳೆ ರೆಕ್ಕೆ, ತುದಿಯಲ್ಲಿ ಕಪ್ಪು ಬಿಳಿ. ನೀವು ದಿನಾ ನೋಡುವ ಚಿಟ್ಟೆಯೇ.

ಈ ಮರಿಗೆ ಎಕ್ಕ ಮತ್ತು ಅದರ ಬಳಗದ ಗಿಡಗಳೇ ಊಟ. ಎಕ್ಕದ ಹಾಲಿನಲ್ಲಿ ಹೃದಯಕ್ಕೆ ಪೆಟ್ಟು ಕೊಡುವ ವಿಷ ಇದೆ. ಆಡು, ದನ ಸಾಮಾನ್ಯವಾಗಿ ಮೂಸಿ ಮುಂದೆ ಹೋಗುತ್ತವೆ. ಈ ಮರಿ ಮಾತ್ರ ಆ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಒಮ್ಮೆ ತಿಂದು ಕಾರಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ. ಇದರ ಲಾಭ ಪಡೆಯುವ ಇನ್ನೊಂದು ಚಿಟ್ಟೆಯೂ ಇದೆ, ಡಾನೈಡ್ ಎಗ್‌ಫ್ಲೈ. ಅದರ ಹೆಣ್ಣು ವಿಷ ಇಲ್ಲದಿದ್ದರೂ ಥೇಟ್ ಪ್ಲೇನ್ ಟೈಗರ್ ವೇಷ ಹಾಕಿಕೊಂಡು ಓಡಾಡುತ್ತದೆ. ಎಷ್ಟೋ ಸಲ ನಾನೇ ಮೋಸ ಹೋಗಿದ್ದೇನೆ!

ಬೆಳಿಗ್ಗೆ ಹತ್ತು ನಿಮಿಷ ಗಿಡದ ಮುಂದೆ ಸುಮ್ನೆ ಕೂತುಕೊಳ್ಳಿ. ದೊಡ್ಡ ಮರಿ ಎಲೆಯ ತೊಟ್ಟನ್ನೋ ನಡುನರವನ್ನೋ ಮೊದಲು ಕಚ್ಚುತ್ತದೆ. ಹಾಲು ಅಲ್ಲೇ ಸುರಿದುಹೋಗುತ್ತದೆ, ಎಲೆ ಜೋತುಬೀಳುತ್ತದೆ. ಆಮೇಲೆ ನಿಧಾನವಾಗಿ ಊಟ ಶುರು. ಪೈಪಿನ ವಾಲ್ವ್ ತಿರುಗಿಸಿದ ಹಾಗೆ ಅಲ್ವಾ?

ಎರಡು ಮೂರು ವಾರದಲ್ಲಿ ಮರಿಗಳೆಲ್ಲ ಕೋಶ ಕಟ್ಟಿಕೊಳ್ಳುತ್ತವೆ. ಗಿಡ ಮತ್ತೆ ಚಿಗುರುತ್ತದೆ. ಎಕ್ಕ ಅಷ್ಟಕ್ಕೆಲ್ಲ ಸಾಯುವ ಜಾತಿಯಲ್ಲ. ರಥಸಪ್ತಮಿಗೆ ಏಳು ಎಲೆ ಬೇಕು ತಾನೇ? ಸಿಗುತ್ತದೆ ಬಿಡಿ.

ಹೂವನ್ನೂ ನೋಡಿ. ನಡುವೆ ಕಿರೀಟದಂಥ ಐದು ಮೂಲೆಯ ಗೋಪುರ ಇದೆಯಲ್ಲ, ಅದರಲ್ಲಿ ಸಣ್ಣ ಸೀಳುಗಳಿವೆ. ಬೇರೆ ಹೂಗಳ ಹಾಗೆ ಇಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ಎರಡು ಪುಟ್ಟ ಚೀಲಗಳಲ್ಲಿ ತುಂಬಿ, ಕ್ಲಿಪ್ ಹಾಕಿ ಇಟ್ಟಿರುತ್ತದೆ. ಮಕರಂದಕ್ಕೆ ಬಂದ ದೊಡ್ಡ ಕಪ್ಪು ದುಂಬಿಯ ಕಾಲು ಸೀಳಿಗೆ ಜಾರಿದರೆ ಕ್ಲಿಪ್ ಅಂಟಿಕೊಳ್ಳುತ್ತದೆ. ಜೋಡಿ ಚೀಲ ಮುಂದಿನ ಹೂವಿಗೆ ಹೊರಟಿತು. ಬಲವಿಲ್ಲದ ಸಣ್ಣ ಹುಳ ಕಾಲು ಸಿಕ್ಕಿಸಿಕೊಂಡು ಅಲ್ಲೇ ಸಾಯುವುದೂ ಉಂಟು.

ಪಕ್ಕದ ಮನೆಯವರ ಮಾತು ಸುಳ್ಳಲ್ಲ. ಚಿಕ್ಕವಳಿದ್ದಾಗ ನಾನು ಎಕ್ಕದ ಮೊಗ್ಗು ಹಿಸುಕಿ ಟಪ್ ಅನ್ನಿಸುತ್ತಾ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ. ಉರಿ ಜಾಸ್ತಿ ಇರಲಿಲ್ಲ. ಸಂಜೆಗೆ ದೀಪದ ಸುತ್ತ ಮಂಜು ಕವಿದಂತೆ ಕಾಣತೊಡಗಿತು. ನೋವಿಲ್ಲ ಅಂತ ಮನೆಯಲ್ಲಿ ಹೇಳಲೇ ಇಲ್ಲ, ಅದೇ ತಪ್ಪು. ಕಣ್ಣಿಗೆ ಹಾಲು ಸಿಡಿದರೆ ತಕ್ಷಣ ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆದು, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಲೆ ಕಿತ್ತ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ದಾರಿಗೆ ಚಾಚಿದ ಕೊಂಬೆ ಇದ್ದರೆ ಅದನ್ನಷ್ಟೇ ಕತ್ತರಿಸಿ.

ಪ್ರಶ್ನೆ: ಬಿಳಿ ಎಕ್ಕ ಬೇರೆ ಜಾತಿಯೇ? ನಮ್ಮಲ್ಲಿ ನೇರಳೆ ಹೂವಿನದಷ್ಟೇ ಇದೆ. ಬಿಳಿಯದನ್ನು ಬೆಳೆಸುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಜಾತಿ ಒಂದೇ, ಬಣ್ಣ ಬೇರೆ. ದೊಡ್ಡ ಗಿಡ ಕಿತ್ತು ತರಬೇಡಿ. ಅದರ ತಾಯಿಬೇರು ಆಳಕ್ಕಿಳಿದಿರುತ್ತದೆ, ಅರ್ಧಕ್ಕೇ ತುಂಡಾಗುತ್ತದೆ. ಬಲಿತ ಕೊಂಬೆಯ ಒಂದು ಗೇಣು ತುಂಡು ತನ್ನಿ. ಹಾಲು ಸೋರಿ ಒಣಗುವವರೆಗೆ ನೆರಳಲ್ಲಿಡಿ. ಆಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಿ. ಕೊಂಬೆಯಿಂದ ಬಂದ ಗಿಡಕ್ಕೆ ತಾಯಿಯ ಬಣ್ಣವೇ ಬರುತ್ತದೆ. ನೀರು ಮಾತ್ರ ಕಮ್ಮಿ ಹಾಕಿ.