ಓದುಗರ ಪ್ರಶ್ನೆ: ಮೊಣಕಾಲೂರಿದರೂ ಮಾತು ಬಾರದಿದ್ದಾಗ

ಪ್ರಶ್ನೆ: ನನ್ನ ಯಜಮಾನರು ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಹೊರುವ ಕೆಲಸ ಮಾಡುತ್ತಿದ್ದರು. ಎರಡೂ ಕಿಡ್ನಿ ಕೆಟ್ಟು, 14 ತಿಂಗಳಿಂದ ವಾರಕ್ಕೆರಡು ಸಲ ಡಯಾಲಿಸಿಸ್ ಆಗುತ್ತಿದೆ. ಮನೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟಿದ್ದಾಗ ಬಂದ ಹಿರಿಯರೊಬ್ಬರು, ‘ಈ ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು, ಅದಕ್ಕೇ ಉತ್ತರ ಬಂದಿಲ್ಲ’ ಎಂದರು. ಅಂದಿನಿಂದ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ಹೊರಟರೂ ಅದು ದೇವರ ಮೇಲಿನ ಸಿಟ್ಟೇ. ಇದು ಪಾಪವೇ? ಡಯಾಲಿಸಿಸ್ ಬಿಟ್ಟು ನಂಬಿ ನೋಡಿ ಎಂದೂ ಅವರು ಹೇಳಿದ್ದಾರೆ. ಏನು ಮಾಡಲಿ?
– ಓರ್ವ ಸಹೋದರಿ, ಕೋಲಾರ

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಡಯಾಲಿಸಿಸ್ಸನ್ನು ಒಂದು ಸಲವೂ ತಪ್ಪಿಸಬೇಡಿ. ಕಿಡ್ನಿ ಹೊರಹಾಕಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು. ಬೈಬಲಿನಲ್ಲಿ ಅರಸನಾದ ಹಿಜ್ಕೀಯನು ರೋಗದಿಂದ ಸಾಯುವಂತಾಗಿ ಅತ್ತು ಬೇಡಿಕೊಂಡಾಗ ದೇವರು ಅವನ ಆಯುಸ್ಸಿಗೆ 15 ವರ್ಷ ಕೂಡಿಸಿದರು. ಆದರೂ ಪ್ರವಾದಿಯಾದ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಪಟ್ಟು ಹಾಕಿಸಿದನು. ನಿಮ್ಮ ಕೋಲಾರದಲ್ಲೇ ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ ಇದೆಯಲ್ಲವೇ? ಅದನ್ನು ಕಟ್ಟಿದವರೂ ಪ್ರಾರ್ಥನೆ ಬಲ್ಲವರೇ.

ಇನ್ನು ಆ ಹಿರಿಯರ ಮೊದಲ ಮಾತು. ನಂಬಿಕೆ ಸಾಲದ್ದರಿಂದಲೇ ಉತ್ತರ ಬರಲಿಲ್ಲವೆನ್ನುವುದಾದರೆ, ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ‘ಈ [ಸಂಕಟದ] ಪಾತ್ರೆಯನ್ನು ನನ್ನಿಂದ ತೊಲಗಿಸು’ ಎಂದು ಅದೇ ಮಾತನ್ನು ಮೂರು ಸಲ ಬೇಡಿಕೊಂಡ ಯೇಸುಸ್ವಾಮಿಯವರ ಬಗ್ಗೆ ಏನು ಹೇಳೋಣ? ಆ ಪಾತ್ರೆ ತೊಲಗಲಿಲ್ಲ. ಅಪೊಸ್ತಲನಾದ ಪೌಲನೂ ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲೆಂದು ಮೂರು ಸಲವೇ ಬೇಡಿದನು. ಶೂಲ ಹಾಗೆಯೇ ಉಳಿಯಿತು, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು ಬಂತು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಗುಣವಾದವರನ್ನಷ್ಟೇ ಮುಂದೆ ನಿಲ್ಲಿಸುತ್ತೇವೆ; ಗುಣವಾಗದವರು ಹಿಂದಿನ ಬೆಂಚಿನಲ್ಲಿ ಕುಳಿತು, ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಈ ತಪ್ಪಿನಲ್ಲಿ ನನಗೂ ಪಾಲಿದೆ.

ಸಿಟ್ಟಿನ ವಿಷಯಕ್ಕೆ ಬಂದರೆ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಪುಸ್ತಕವನ್ನು ಕೊನೆಯ ಅಧ್ಯಾಯದವರೆಗೆ ಓದಬೇಕು. ಅವನ ಮೂವರು ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನಗೆ ಅನ್ನಿಸುತ್ತದೆ. ಬಾಯಿ ತೆರೆದ ಮೇಲೆ ಅವರು ಹೇಳಿದ್ದು ನಿಮ್ಮ ಹಿರಿಯರು ಹೇಳಿದ್ದನ್ನೇ: ನಿನ್ನಲ್ಲೇ ತಪ್ಪಿರಬೇಕು. ಯೋಬನಾದರೋ ಹುಟ್ಟಿದ ದಿನವನ್ನೇ ಶಪಿಸಿ, ದೇವರನ್ನೇ ನ್ಯಾಯಕ್ಕೆ ಕರೆದನು. ಕಡೆಗೆ ದೇವರು ಕೋಪಗೊಂಡದ್ದು ಸ್ನೇಹಿತರ ಮೇಲೆ. ತಮ್ಮ ವಿಷಯದಲ್ಲಿ ಯೋಬನಂತೆ ಅವರು ಸರಿಯಾಗಿ ಮಾತಾಡಲಿಲ್ಲವೆಂದು ಹೇಳಿ, ಅವರಿಗಾಗಿ ಪ್ರಾರ್ಥಿಸುವ ಕೆಲಸವನ್ನು ಯೋಬನಿಗೇ ವಹಿಸಿದರು. ನಿಮ್ಮ ಸಿಟ್ಟು ದೇವರಿಗೆ ಬೆನ್ನು ತೋರಿಸಿ ಗೊಣಗಿದ್ದಲ್ಲ, ಮುಖಕ್ಕೆ ಮುಖ ಕೊಟ್ಟು ಕೇಳಿದ್ದು. ಅದನ್ನು ಪಾಪವೆನ್ನಲು ನನಗೆ ಆಧಾರ ಕಾಣುವುದಿಲ್ಲ.

ಬೈಬಲಿನ ಕೀರ್ತನೆಗಳಲ್ಲೂ ಇಂಥ ಗೋಳು ಬೇಕಾದಷ್ಟಿದೆ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ನಿಂತುಹೋಗುತ್ತದೆ; ಸಮಾಧಾನದ ಒಂದು ಸಾಲನ್ನೂ ಅದಕ್ಕೆ ಯಾರೂ ಅಂಟಿಸಲಿಲ್ಲ.

ಮಾತೇ ಬಾರದಿದ್ದರೆ ಬಲವಂತ ಮಾಡಬೇಡಿ. ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ಬೇಡುವಾಗ ತುಟಿಯಲ್ಲಾಡಿಸಿದಳೇ ಹೊರತು ದನಿ ಹೊರಡಲಿಲ್ಲ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ಗದರಿದನು. ಯಾಜಕರು ತಪ್ಪು ತಿಳಿಯುವುದು ಹೊಸದೇನಲ್ಲ. ನಮಗೆ ಬೇಡಿಕೊಳ್ಳಲು ತಿಳಿಯದಿರುವಾಗ ಪವಿತ್ರಾತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ.

ನಿಮ್ಮ ಸ್ತ್ರೀಸಮಾಜದಿಂದ ಬುದ್ಧಿ ಹೇಳದ ಇಬ್ಬರನ್ನು ಆರಿಸಿ ಮನೆಗೆ ಕರೆಯಿರಿ. ಸದ್ಯಕ್ಕೆ ಪ್ರಾರ್ಥನೆಯನ್ನು ಅವರು ಮಾಡಲಿ, ನೀವು ‘ಆಮೆನ್’ ಎಂದರೆ ಸಾಕು, ಎನ್ನಲಾಗದಿದ್ದರೂ ಸರಿ. ಯಜಮಾನರು ಮೆಷಿನ್ನಿನ ಪಕ್ಕ ಮಲಗಿರುವ ಆ ನಾಲ್ಕು ಗಂಟೆ ನೀವು ಹೊರಗಿನ ಬೆಂಚಿನಲ್ಲಿ ಕಾಯುತ್ತೀರಲ್ಲ, ಆಗ 13ನೆಯ ಕೀರ್ತನೆಯನ್ನು ತೆಗೆಯಿರಿ. ಆರೇ ವಚನಗಳಿವೆ. ಇನ್ನೆಷ್ಟರವರೆಗೆ ಎಂಬ ಪ್ರಶ್ನೆಯೇ ಮೊದಲೆರಡು ವಚನಗಳ ತುಂಬ ಇದೆ. ಮುಂದಿನ ಸ್ತುತಿಯ ಸಾಲುಗಳನ್ನು ಓದಲು ಮನಸ್ಸಾಗದಿದ್ದರೆ ಅಂದಿಗೆ ಅಲ್ಲಿಯೇ ಪುಸ್ತಕ ಮುಚ್ಚಿಡಿ.