ರಿಯಾಲಿಟಿ ಶೋನಲ್ಲಿ ಬಂದ ಕೊಡಗಿನ ಕುಟುಂಬದ ಮಕ್ಕಳ ಹೆಸರು, ಹುಟ್ಟಿದ ದಿನವನ್ನು ವಿಕಿಪೀಡಿಯದಲ್ಲಿ ಹಾಕಬಹುದೇ?

ಹಾಕಬೇಡಿ. ‘ಟಿವಿಯಲ್ಲೇ ಬಂದಿದೆಯಲ್ಲ’ ಎಂದು ಕೇಳಿದ್ದೀರಿ. ಆದರೆ ಶೋಗೆ ಒಪ್ಪಿ ಸಹಿ ಹಾಕಿದ್ದು ಅಪ್ಪ-ಅಮ್ಮ, ಮಗುವಲ್ಲ. ಕಂತು ಮುಗಿದ ಮೇಲೆ ಜನ ಮರೆಯುತ್ತಾರೆ. ವಿಶ್ವಕೋಶದ ಪುಟ ಮಾತ್ರ ಆ ಮಗು ಕಾಲೇಜಿಗೆ, ಕೆಲಸಕ್ಕೆ ಸೇರುವಾಗಲೂ ಹುಡುಕಿದ ಕೂಡಲೇ ಎದುರಿಗೆ ಬರುತ್ತದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಬದುಕಿರುವ ವ್ಯಕ್ತಿಗಳ ಬಗ್ಗೆ ಪ್ರತ್ಯೇಕ ನೀತಿಯಿದೆ. ಸ್ವತಃ ಪ್ರಸಿದ್ಧರಲ್ಲದ ಮನೆಯವರ ಹೆಸರಿನ ವಿಷಯದಲ್ಲಿ ಅದು ಖಾಸಗಿತನದ ಕಡೆಗೇ ನಿಲ್ಲುತ್ತದೆ. ಪೂರ್ಣ ಜನ್ಮದಿನಾಂಕ ಹಾಕಲು ಅದು ನಂಬಲರ್ಹ ಮೂಲಗಳಲ್ಲಿ ವ್ಯಾಪಕವಾಗಿ ಪ್ರಕಟವಾಗಿರಬೇಕು, ಇಲ್ಲವೇ ಆ ವ್ಯಕ್ತಿಗೆ ಆಕ್ಷೇಪವಿಲ್ಲ ಎಂದು ತೋರುವಂತೆ ಅವರಿಗೇ ಸಂಬಂಧಿಸಿದ ಮೂಲದಲ್ಲಿ ಬಂದಿರಬೇಕು. ಆ ವ್ಯಕ್ತಿ ಆಕ್ಷೇಪಿಸಿದರೆ ವರ್ಷವಷ್ಟೇ ಉಳಿಸುತ್ತಾರೆ. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ.

ಕೊಡಗಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೊಡವರ ಹೆಸರಿನ ಜೊತೆ ಒಕ್ಕದ, ಅಂದರೆ ಮನೆತನದ, ಹೆಸರೂ ಇರುತ್ತದೆ. ಅದಕ್ಕೆ ಊರಿನ ಹೆಸರು ಸೇರಿದರೆ ಬೇರೆ ವಿಳಾಸವೇ ಬೇಡ. ಬಸ್ ಇಳಿದು ಅಂಗಡಿಯಲ್ಲಿ ಕೇಳಿದರೆ ಸಾಕು, ಯಾವ ತೋಟದ ದಾರಿ ಎಂದು ಕೈತೋರಿಸಿಬಿಡುತ್ತಾರೆ. ಇದರ ಮೇಲೆ ಶಾಲೆಯ ಹೆಸರನ್ನೂ ಬರೆದರೆ, ಅಪರಿಚಿತನೊಬ್ಬ ಮಗುವಿನ ಗೇಟಿನವರೆಗೆ ಬರಬಹುದು. ನನಗೆ ನಿಜಕ್ಕೂ ಭಯವಾಗುವುದು ಇದೇ.

‘ದಂಪತಿಗೆ ಇಬ್ಬರು ಮಕ್ಕಳಿದ್ದಾರೆ’ ಎಂದು ಬರೆಯಿರಿ, ಓದುಗರಿಗೆ ಅಷ್ಟು ಸಾಕು.

ಈಗಾಗಲೇ ಯಾರಾದರೂ ಹಾಕಿದ್ದರೆ ಅಳಿಸಿ. ಆದರೂ ಪುಟದ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಹಳೆಯ ಆವೃತ್ತಿಯನ್ನು ಮರೆಮಾಡಲು ವಿಕಿಪೀಡಿಯದ ನಿರ್ವಾಹಕರಿಗೆ (ಅಡ್ಮಿನ್) ಇಮೇಲ್ ಮಾಡಿ. ಚರ್ಚಾಪುಟದಲ್ಲಿ ಕೇಳಲೇಬೇಡಿ, ಅಲ್ಲಿ ಬರೆದರೆ ಇನ್ನಷ್ಟು ಜನ ನೋಡುತ್ತಾರೆ.