ಯೂನಿಯನ್ ಬೋರ್ಡಿಗೆ ಮೂರು ಸಲ ಬಣ್ಣ ಹೊಡೆಸಿದವನ ಉತ್ತರ

ಪ್ರಶ್ನೆ ಇದು: “ಬೆಂಗಳೂರಿನ ಕಾರ್ಮಿಕ ಸಂಘಗಳು ಒಂದು ಕಾಲದಲ್ಲಿ ಒಂದೊಂದು ಪಕ್ಷದ ಜೊತೆ ಗಟ್ಟಿಯಾಗಿ ನಿಂತಿದ್ದವಂತೆ. ಈಗ ಯಾಕೆ ಹಾಗಿಲ್ಲ? ಯೂನಿಯನ್ ಹೇಳಿದ ಪಕ್ಷಕ್ಕೆ ಕಾರ್ಮಿಕರು ಓಟು ಹಾಕುತ್ತಾರಾ?” ಕೇಳಿದವರು ಎಂ.ಎ. ಓದುತ್ತಿದ್ದೇನೆ ಅಂತ ಬರೆದಿದ್ದಾರೆ.

ಎರಡನೇ ಪ್ರಶ್ನೆ ಸುಲಭ, ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಾಕುವುದಿಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 27 ವರ್ಷ ಲೇತ್ ಮುಂದೆ ನಿಂತವನು. ಅದರಲ್ಲಿ 9 ವರ್ಷ ಯೂನಿಯನ್ ಖಜಾಂಚಿ. ಯೂನಿಯನ್ ಹೇಳಿದ ಅಭ್ಯರ್ಥಿಗೆ ನಾನೇ ಎರಡು ಸಲ ಓಟು ಹಾಕಿಲ್ಲ. ಇದು ಹೆಂಡತಿಗೆ ಮಾತ್ರ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು.

ಮೊದಲನೇ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ನಮ್ಮ ಯೂನಿಯನ್ ಆಫೀಸು ಅಂದರೆ ಕ್ಯಾಂಟೀನ್ ಪಕ್ಕದ ಸಣ್ಣ ರೂಮು. ಒಂದು ಬೀರು, ಒಂದು ಮೇಜು, ಡ್ರಾಯರ್ ತುಂಬ ರಸೀದಿ ಪುಸ್ತಕ. ಬಾಗಿಲ ಮೇಲೆ ತಗಡಿನ ಬೋರ್ಡು. ನಾನು ಇದ್ದಷ್ಟು ದಿನದಲ್ಲಿ ಆ ಬೋರ್ಡಿಗೆ ಮೂರು ಸಲ ಬಣ್ಣ ಹೊಡೆಸಿದೆವು. ಮೂರು ಸಲ ನಮ್ಮ ಸಂಘ ಒಂದು ಕೇಂದ್ರ ಸಂಘಟನೆ (ದೇಶದ ಮಟ್ಟದ ಯೂನಿಯನ್ ಒಕ್ಕೂಟ) ಬಿಟ್ಟು ಇನ್ನೊಂದಕ್ಕೆ ಸೇರಿತು. ಪೇಂಟರ್ ಮಹಾಶಯ ಹಳೆಯದನ್ನು ಉಜ್ಜದೆ ಮೇಲೇ ಬಳಿದಿದ್ದ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಅಕ್ಷರದ ಸಂದಿಯಿಂದ ಹಳೆ ಅಕ್ಷರ ಇಣುಕಿತು. ಯಾವ ಬಣ್ಣದ ಮೇಲೆ ಯಾವ ಬಣ್ಣ ಅಂತ ಹೇಳುವುದಿಲ್ಲ, ಎಲ್ಲ ಕಡೆಯೂ ಸ್ನೇಹಿತರಿದ್ದಾರೆ.

ಈ ಕೇಂದ್ರ ಸಂಘಟನೆಗಳ ಕುಲಗೋತ್ರ ಚಿಕ್ಕದಾಗಿ ಹೇಳುತ್ತೇನೆ. 1920ರಲ್ಲಿ ಎಐಟಿಯುಸಿ ಹುಟ್ಟಿದಾಗ ಲಾಲಾ ಲಜಪತ ರಾಯ್ ಅದರ ಮೊದಲ ಅಧ್ಯಕ್ಷರು. ಕಾಂಗ್ರೆಸ್ಸಿನವರೂ ಕಮ್ಯುನಿಸ್ಟರೂ ಒಂದೇ ಚಪ್ಪರದ ಕೆಳಗೆ ಇದ್ದ ಕಾಲ ಅದು. 1947ರ ಮೇ ತಿಂಗಳಲ್ಲಿ, ಸ್ವಾತಂತ್ರ್ಯ ಇನ್ನೇನು ಬರಬೇಕು ಅನ್ನುವಾಗ, ಕಾಂಗ್ರೆಸ್ಸಿನವರು ಇಂಟಕ್ ಕಟ್ಟಿಕೊಂಡರು. ಮರುವರ್ಷ ಸಮಾಜವಾದಿಗಳ ಎಚ್‌ಎಂಎಸ್. 1955ರಲ್ಲಿ ಆರೆಸ್ಸೆಸ್‌ನ ದತ್ತೋಪಂತ ಠೇಂಗಡಿಯವರ ಬಿಎಂಎಸ್. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಎರಡಾಯಿತು, 1970ರಲ್ಲಿ ಸಿಪಿಎಂ ಕಡೆಯವರ ಸಿಐಟಿಯು ಬಂತು. ಮೇಲೆ ಪಕ್ಷ ಒಡೆದರೆ ಕೆಳಗೆ ಯೂನಿಯನ್ ಒಡೆಯಿತು. ನೋಡಿ, ಈ ನಂಟನ್ನು ಲೇತ್ ಮುಂದೆ ನಿಂತವನು ಯಾವತ್ತೂ ಹುಡುಕಿಕೊಂಡು ಹೋಗಿರಲಿಲ್ಲ. ಹಿರಿಯರು ಮಾಡಿಟ್ಟ ಸಂಬಂಧ.

ಆದರೂ ಅದು ಬಹಳ ದಿನ ಬಾಳಿತು. ಯಾಕೆ ಅಂದರೆ, ಪಕ್ಷಕ್ಕೆ ಕಾರ್ಮಿಕನ ಮನೆ ತಲುಪೋಕೆ ಫ್ಯಾಕ್ಟರಿ ಗೇಟೇ ದಾರಿಯಾಗಿತ್ತು. ಬೆಂಗಳೂರನ್ನೇ ತೆಗೆದುಕೊಳ್ಳಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಒಂದೊಂದಕ್ಕೂ ಸಾವಿರಾರು ಕಾರ್ಮಿಕರು. ದೂರವಾಣಿನಗರ, ಜಾಲಹಳ್ಳಿ ಅಂದರೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ, ಎಲ್ಲ ಕಾರ್ಖಾನೆಯದೇ. ಅಲ್ಲಿ ದುಡಿಯುವವನು ಅಲ್ಲೇ ಮಲಗುತ್ತಿದ್ದ, ಓಟೂ ಅಲ್ಲೇ. ಶಿಫ್ಟ್ ಬಿಡುವಾಗ ಗೇಟ್ ಮೀಟಿಂಗ್‌ನಲ್ಲಿ ಅರ್ಧ ಗಂಟೆ ಮಾತಾಡಿದರೆ ಒಂದು ಇಡೀ ಬಡಾವಣೆಗೆ ಮಾತಾಡಿದ ಹಾಗೆ. ಯಾವ ಪಕ್ಷ ಇಂಥ ಜಾಗ ಬಿಡುತ್ತೆ ಹೇಳಿ?

ನಮ್ಮಪ್ಪ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. 1980ರ ಡಿಸೆಂಬರ್ ಕೊನೆಗೆ ಶುರುವಾಗಿ ಮಾರ್ಚ್‌ವರೆಗೆ 77 ದಿನ ನಡೆದ ಮುಷ್ಕರ ಕೇಳಿರಬಹುದು. ಇನ್ನೊಂದು ಸರ್ಕಾರಿ ಉದ್ದಿಮೆಯಾದ ಬಿಎಚ್‌ಇಎಲ್‌ನವರಿಗೆ ಕೊಟ್ಟ ಸಂಬಳ ನಮಗೂ ಕೊಡಿ ಅಂತ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಗೆ ಬಂದಿದ್ದರು. ನನಗೆ ಆಗ ಒಂಬತ್ತು ವರ್ಷ. ಬೆಳಿಗ್ಗೆ ಸೈರನ್ ಕೇಳಿಸದ ದಿನಗಳು ಅಂತಲೇ ನೆನಪು. ಗಡಿಯಾರ ನೋಡದೆ ಸೈರನ್ ಕೇಳಿಯೇ ಅಮ್ಮ ಒಲೆ ಹಚ್ಚುತ್ತಿದ್ದರು. ಆ 77 ದಿನ ಅವರಿಗೆ ಹೊತ್ತೇ ತಪ್ಪಿಹೋಯಿತು. ಶೆಟ್ಟರ ಅಂಗಡಿಯಲ್ಲಿ ಉದ್ದನೆಯ ಸಾಲದ ಪುಸ್ತಕ ಇತ್ತು. ಎರಡನೇ ತಿಂಗಳಿಗೆ ಶೆಟ್ಟರು ಅಕ್ಕಿ ಕೊಟ್ಟರು, ಎಣ್ಣೆ ಕೊಡಲಿಲ್ಲ. ಅಮ್ಮನ ಎರಡು ಬಳೆ ಅಡವಿಗೆ ಹೋದವು. ಒಂದು ವಾಪಸ್ ಬಂತು.

ಆಗ ದೆಹಲಿಯಲ್ಲಿ ಇಂದಿರಾ ಗಾಂಧಿ, ಇಲ್ಲಿ ಗುಂಡೂರಾವ್. ಎರಡೂ ಕಡೆ ಕಾಂಗ್ರೆಸ್. ಬೇರೆ ಬೇರೆ ಬಾವುಟದ ಸಂಘಗಳು ಸೇರಿ ಜಂಟಿ ವೇದಿಕೆ ಮಾಡಿಕೊಂಡಿದ್ದವು, ಆದರೂ ಕೇಳಿದ ಸಮಾನ ಸಂಬಳ ಸಿಗದೆ ಕೆಲಸಕ್ಕೆ ವಾಪಸ್ ಹೋದರು. ಅಪ್ಪ ಅಲ್ಲಿಯವರೆಗೆ ಕೈಗುರುತಿನವರು. ಆಮೇಲೆ ಮನೆಯಲ್ಲಿ ಆ ಪಕ್ಷದ ಹೆಸರು ಎತ್ತುವ ಹಾಗಿರಲಿಲ್ಲ. 1983ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಮುಷ್ಕರದಿಂದಲೇ ಸೋತರು ಅಂತ ನಾನು ಹೇಳೋದಿಲ್ಲ, ಅದಕ್ಕೆ ನೂರು ಕಾರಣ ಇದ್ದವು. ನಮ್ಮ ಮನೆಯ ಎರಡು ಓಟಂತೂ ಅದೇ ಕಾರಣಕ್ಕೆ ಹೆಗಡೆಯವರ ಕಡೆ ಹೋದವು.

ವಿಚಿತ್ರ ಏನು ಗೊತ್ತಾ? ಅಪ್ಪ ಯೂನಿಯನ್ ಚಂದಾ ಒಂದು ತಿಂಗಳೂ ನಿಲ್ಲಿಸಲಿಲ್ಲ, ಆದರೆ ಮೀಟಿಂಗಿಗೆ ಹೋಗೋದು ಬಿಟ್ಟರು. ಸಂಜೆ ಹೊತ್ತು ಕಾರ್ಖಾನೆಯ ಕನ್ನಡ ಸಂಘದಲ್ಲಿ ಕೂರತೊಡಗಿದರು. 1982ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿ ಕಾವೇರಿತ್ತಲ್ಲ, ಕಾರ್ಖಾನೆಗಳ ಕನ್ನಡ ಸಂಘಗಳಿಗೂ ಜೋರು ಬಂದಿತ್ತು. ರಾಜ್ಯೋತ್ಸವದ ಪೆಂಡಾಲಿಗೆ ಎಲ್ಲ ಯೂನಿಯನ್ನಿನವರೂ ಬರುತ್ತಿದ್ದರು, ಎಲ್ಲ ಪಕ್ಷದವರೂ ಬರುತ್ತಿದ್ದರು. ನಂಟು ಸಡಿಲವಾಗಿದ್ದು ಮೊದಲು ಅಲ್ಲಿ ಅಂತ ನನಗೆ ಅನ್ನಿಸುತ್ತೆ. ನೀವು ಇದರ ಮೇಲೆ ಪ್ರಬಂಧ ಬರೆಯುವುದಾದರೆ ಆ ಕನ್ನಡ ಸಂಘಗಳ ಹಳೇ ಸ್ಮರಣ ಸಂಚಿಕೆ ಹುಡುಕಿ ನೋಡಿ.

ಮೇಲಿನ ಮಟ್ಟದಲ್ಲೂ ನಿಷ್ಠೆ ಅಷ್ಟೇನೂ ಗಟ್ಟಿ ಇರಲಿಲ್ಲ. 2012ರ ಫೆಬ್ರವರಿಯಲ್ಲಿ ಮತ್ತು 2013ರ ಫೆಬ್ರವರಿಯಲ್ಲಿ ದೇಶಾದ್ಯಂತ ಮುಷ್ಕರ ಆದಾಗ ದೆಹಲಿಯಲ್ಲಿದ್ದದ್ದು ಮನಮೋಹನ್ ಸಿಂಗ್ ಸರ್ಕಾರ. ಅದರ ವಿರುದ್ಧ ಇಂಟಕ್ಕೂ ಬೀದಿಗೆ ಬಂತು, ಬಿಎಂಎಸ್ಸೂ ಬಂತು, ಎಡ ಸಂಘಟನೆಗಳಂತೂ ಇದ್ದೇ ಇದ್ದವು. 2015ರ ಸೆಪ್ಟೆಂಬರ್ 2ರ ಮುಷ್ಕರದ ಹೊತ್ತಿಗೆ ಬಿಜೆಪಿ ಸರ್ಕಾರ. ಬಿಎಂಎಸ್ ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಿತು. ಅಷ್ಟಕ್ಕೇ ಅವರನ್ನು ಸರ್ಕಾರದ ಬಾಲ ಅಂದುಬಿಟ್ಟರೆ ಅದೂ ತಪ್ಪಾಗುತ್ತೆ. ವಾಜಪೇಯಿ ಸರ್ಕಾರದ ಆರ್ಥಿಕ ನೀತಿಯನ್ನು ಠೇಂಗಡಿಯವರಷ್ಟು ಖಾರವಾಗಿ ಬೈದವರು ಕಡಿಮೆ. ಸಾರ್ವಜನಿಕ ಉದ್ದಿಮೆ ಮಾರುವುದನ್ನು ಬಿಎಂಎಸ್ ಈಗಲೂ ವಿರೋಧಿಸುತ್ತೆ. 2025ರ ನವೆಂಬರ್ 21ರಿಂದ ಹಳೆ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದಾಗ ಮಾತ್ರ ಉಳಿದವರು ಪ್ರತಿಭಟಿಸಿದರು, ಇವರು ಸ್ವಾಗತಿಸಿದರು.

ಇನ್ನು ನಮ್ಮ ಸಂಘ ಯಾಕೆ ಬೋರ್ಡು ಬದಲಾಯಿಸಿತು? ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ. ಮೊದಲನೇ ಸಲ, ಸಂಬಳದ ಒಪ್ಪಂದ ಮುಗಿದು ಎರಡು ವರ್ಷವಾದರೂ ಹೊಸದು ಆಗಿರಲಿಲ್ಲ. ನಮ್ಮ ಅಧ್ಯಕ್ಷರು ಕಾರ್ಖಾನೆಯವರಲ್ಲ, ಹೊರಗಿನ ಲೀಡರು, ಅವರಿಗೆ ಹೀಗೆ ಹನ್ನೆರಡು ಕಾರ್ಖಾನೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ, ಸಂಧಾನದ ತಾರೀಕು ಇದ್ದರೆ ಬೆಳಿಗ್ಗೆ ಫೋನ್ ಮಾಡಿ “ನೀವೇ ಹೋಗಿ, ಮುಂದಿನ ತಾರೀಕು ತಗೊಳ್ಳಿ” ಅನ್ನುತ್ತಿದ್ದರು. ನಾವು ಎರಡು ಬಸ್ ಬದಲಾಯಿಸಿ ಹೋಗಿ ತಾರೀಕು ತಗೊಂಡು ಬರುತ್ತಿದ್ದೆವು. ಮುಂದಿನ ಯೂನಿಯನ್ ಚುನಾವಣೆಯಲ್ಲಿ ಇನ್ನೊಂದು ಪ್ಯಾನಲ್ ಗೆದ್ದಿತು. ಸರ್ವಸದಸ್ಯರ ಸಭೆ ಕರೆದರು, ಕೈ ಎತ್ತಿಸಿದರು, ಬೋರ್ಡು ಬದಲಾಯಿತು. ಎರಡನೇ ಸಲವೂ ಹೆಚ್ಚು ಕಡಿಮೆ ಅದೇ ಕಥೆ. ಮೂರನೇ ಸಲ ಬೇರೆ, ಹಿಂದಿನ ಪದಾಧಿಕಾರಿಗಳೇ ಹೊಸ ಪ್ಯಾನಲ್ ಹೆಸರಲ್ಲಿ ನಿಂತು ಗೆದ್ದರು. ಅದರಲ್ಲಿ ನಾನೂ ಒಬ್ಬ. ಮರ್ಯಾದೆ ಬಿಟ್ಟು ಹೇಳುತ್ತಿದ್ದೇನೆ.

ಖಜಾಂಚಿಯಾಗಿ ನನಗೆ ಹೆಮ್ಮೆ ಇರೋದು ಒಂದೇ ವಿಷಯದಲ್ಲಿ. ಒಂದು ಚುನಾವಣೆ ಮುಂಚೆ ದೊಡ್ಡ ಲೀಡರು ಬಂದು, ಪಕ್ಷದ ಪ್ರಚಾರಕ್ಕೆ ಸಂಘದ ನಿಧಿಯಿಂದ ಇಪ್ಪತ್ತು ಸಾವಿರ ಕೊಡಿ ಅಂದರು. ಆಗ ಇದ್ದದ್ದು 1926ರ ಟ್ರೇಡ್ ಯೂನಿಯನ್ ಕಾಯ್ದೆ. ಅದರ 16ನೇ ಸೆಕ್ಷನ್ ಪ್ರಕಾರ ರಾಜಕೀಯ ಖರ್ಚಿಗೆ ಬೇರೆಯೇ ನಿಧಿ ಇರಬೇಕು. ಅದಕ್ಕೆ ಕೊಡಲೇಬೇಕು ಅಂತ ಯಾವ ಸದಸ್ಯನನ್ನೂ ಬಲವಂತ ಮಾಡುವ ಹಾಗಿಲ್ಲ. ನಾನು ಪುಸ್ತಕ ತೆಗೆದು ತೋರಿಸಿದೆ. “ಸರಿ ಹಾಗಾದರೆ ಬೇರೆ ರಸೀದಿ ಪುಸ್ತಕ ಮಾಡಿಸಿ, ಇಷ್ಟ ಇದ್ದವರು ಕೊಡಲಿ” ಅಂದರು. ಮಾಡಿಸಿದೆ. ನೂರ ಎಂಬತ್ತು ಸದಸ್ಯರಲ್ಲಿ ಹನ್ನೊಂದು ಜನ ಕೊಟ್ಟರು. ಒಟ್ಟು ಆರುನೂರ ಐವತ್ತು ರೂಪಾಯಿ. ಲೀಡರು ಅದನ್ನು ತಗೊಂಡು ಹೋದರು, ಪಾಪ.

ಈಗ ಹೊಸ ಸಂಹಿತೆ ಬಂದಿದೆ. ಅದರಲ್ಲಿ ಶೇ. 51 ಕಾರ್ಮಿಕರ ಬೆಂಬಲ ಇರುವ ಸಂಘವೇ ಮ್ಯಾನೇಜ್‌ಮೆಂಟ್ ಜೊತೆ ಮಾತಾಡುವ ಏಕೈಕ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ. 20 ಇರುವವರೆಲ್ಲ ಸೇರಿದ ಒಂದು ಮಂಡಳಿ. ಇನ್ನು ಮುಂದೆ ಸದಸ್ಯರನ್ನು ಸೆಳೆಯುವ ಆಟ ಜಾಸ್ತಿಯಾಗುತ್ತೆ, ಪೇಂಟರ್‌ಗಳಿಗೆ ಕೆಲಸ ಸಿಗುತ್ತೆ.

ಪಕ್ಷವೂ ಇಲ್ಲದೆ, ಯೂನಿಯನ್ನೂ ಇಲ್ಲದೆ ಏನಾಗಬಹುದು ಅಂತ ನಾನು ಕಣ್ಣಾರೆ ನೋಡಿದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಮುದಿತನದ ದುಡ್ಡಲ್ಲ. ಕೆಲಸ ಬಿಟ್ಟು, ಪಿಎಫ್ ತೆಗೆದು, ಮಗಳ ಫೀಸು ಕಟ್ಟಿ, ಸಾಲ ತೀರಿಸಿ, ಮತ್ತೆ ಇನ್ನೊಂದು ಕಡೆ ಸೇರುತ್ತಾರೆ. ನನ್ನ ನಾದಿನಿ ಹತ್ತು ವರ್ಷದಿಂದ ಟೈಲರ್. 18ನೇ ತಾರೀಕು ಹೊಸೂರು ರಸ್ತೆ ಬಂದ್ ಆಯಿತು. ಮಾರನೇ ದಿನ ನಮ್ಮ ಕಡೆ, ಪೀಣ್ಯ, ಜಾಲಹಳ್ಳಿ ಕ್ರಾಸ್‌ನಲ್ಲೂ. ಅವಳು ಊಟದ ಡಬ್ಬಿ ಕೈಯಲ್ಲಿ ಹಿಡಿದೇ ರಸ್ತೆಯಲ್ಲಿ ಕೂತಿದ್ದಳು. “ನಿಮ್ಮ ಲೀಡರ್ ಯಾರಮ್ಮ, ಅವರನ್ನ ಕರೀರಿ” ಅಂತ ಇನ್ಸ್‌ಪೆಕ್ಟರ್ ಕೇಳುತ್ತಲೇ ಇದ್ದರಂತೆ. ಕರೆಯೋಕೆ ಯಾರೂ ಇರಲಿಲ್ಲ. ನಿಯಮ ಮಾಡಿದ್ದು ದೆಹಲಿಯ ಬಿಜೆಪಿ ಸರ್ಕಾರ, ಲಾಠಿ ಬೀಸಿದ್ದು ಇಲ್ಲಿನ ಕಾಂಗ್ರೆಸ್ ಸರ್ಕಾರದ ಪೊಲೀಸರು. ಕಲ್ಲು ತೂರಾಟ, ಬಸ್ಸಿಗೆ ಬೆಂಕಿ, ಎಲ್ಲ ಆಯಿತು. 19ರ ಸಂಜೆಗೆ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ಎರಡೇ ದಿನ. ನಮ್ಮ ಸಂಘ ಒಂದು ಡಿಎ (ತುಟ್ಟಿಭತ್ಯೆ) ಕೇಸಿಗೆ ನಾಲ್ಕು ವರ್ಷ ಅಲೆದಿತ್ತು. ಅವತ್ತು ರಾತ್ರಿ ನಾದಿನಿ ಮುಖ ನೋಡೋಕೆ ನನಗೆ ಒಂಥರಾ ಆಯಿತು.

ಸರ್ಕಾರ ಯಾವುದೇ ಇರಲಿ, ಕುರ್ಚಿ ಸಿಕ್ಕ ಮೇಲೆ ಮಾತು ಒಂದೇ ಥರ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ ನಿಲ್ಲಿಸಿದಾಗ ಬಿಜೆಪಿ ಸರ್ಕಾರ. 2025ರ ಆಗಸ್ಟ್ 5ರಂದು 38 ತಿಂಗಳ ಸಂಬಳದ ಬಾಕಿ ಕೇಳಿ ನಿಲ್ಲಿಸಿದಾಗ ಕಾಂಗ್ರೆಸ್ ಸರ್ಕಾರ. ಎರಡು ಸಲವೂ ‘ದುಡ್ಡಿಲ್ಲ’ ಅನ್ನುವುದೇ ಉತ್ತರ, ಎರಡು ಸಲವೂ ಎಸ್ಮಾ (ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆ) ಬೆದರಿಕೆ. ಕೆಲಸದ ಗಂಟೆಯೂ ಅಷ್ಟೇ. 2023ರ ಫೆಬ್ರವರಿಯಲ್ಲಿ ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡುವ ಮಸೂದೆ ಪಾಸ್ ಮಾಡಿದ್ದು ಬಿಜೆಪಿ. 2025ರಲ್ಲಿ ಅಂಗಡಿ, ಆಫೀಸುಗಳಿಗೆ 10 ಗಂಟೆ ಮಾಡೋಣ ಅಂತ ಹೊರಟಿದ್ದು ಕಾಂಗ್ರೆಸ್. ಐಟಿ ನೌಕರರ ಸಂಘದವರು ಅದರ ವಿರುದ್ಧ ಬೀದಿಗೆ ಬಂದರು.

ಹಾಗಂತ ಪಕ್ಷಗಳು ಕಾರ್ಮಿಕನನ್ನು ಮರೆತಿಲ್ಲ. ಗೇಟು ದಾಟದೆ ಮನೆಗೇ ಹೋಗುವ ದಾರಿ ಅವಕ್ಕೆ ಸಿಕ್ಕಿದೆ. 2023ರ ಜೂನ್‌ನಿಂದ ನಾದಿನಿಗೆ ಬಸ್ ಫ್ರೀ. ಆಮೇಲೆ ಗೃಹಲಕ್ಷ್ಮಿಯ 2,000 ರೂಪಾಯಿ. ಅಷ್ಟು ದುಡ್ಡು ಸಂಬಳದಲ್ಲಿ ಏರಿಸೋಕೆ ಒಂದು ಯೂನಿಯನ್ನಿಗೆ ಎಷ್ಟು ವರ್ಷ ಬೇಕು ಅಂತ ನನಗೆ ಗೊತ್ತು. ಆ್ಯಪ್ ಡೆಲಿವರಿ ಹುಡುಗರ ವಿಷಯದಲ್ಲೂ ಹಾಗೇ. 2023ರ ಚುನಾವಣೆ ಪ್ರಚಾರದಲ್ಲಿ ರಾಹುಲ್ ಗಾಂಧಿ ಬೆಂಗಳೂರಿನಲ್ಲಿ ಅವರ ಸ್ಕೂಟರ್ ಹಿಂದೆ ಕೂತು ಹೋದರು, 2025ರಲ್ಲಿ ಅವರಿಗಾಗಿ ಕಾನೂನೇ ಬಂತು. ಆ ಹುಡುಗರದ್ದೂ ಸಂಘ ಇದೆ, ದನಿ ಎತ್ತಿದ್ದೂ ಅವರೇ. ಆದರೆ ಅವರಿಗೆ ಗೇಟೇ ಇಲ್ಲ, ಬಾವುಟ ಎಲ್ಲಿ ನೆಡೋದು?

ಗೇಟು ಇರುವ ಕಡೆಯ ಕಥೆಯನ್ನೂ ಹೇಳಿ ಮುಗಿಸುತ್ತೇನೆ. 2018ರ ವಿಧಾನಸಭೆ ಚುನಾವಣೆ ಹೊತ್ತಿಗೆ ನಮ್ಮ ಅಧ್ಯಕ್ಷರು ಒಬ್ಬ ಅಭ್ಯರ್ಥಿಯನ್ನು ಗೇಟ್ ಮೀಟಿಂಗಿಗೆ ಕರೆತಂದರು. ಶಿಫ್ಟ್ ಬಿಟ್ಟಿತ್ತು. ಕಾಯಂ ಕೆಲಸಗಾರರು, ಕಾಂಟ್ರ್ಯಾಕ್ಟ್‌ನವರು, ಟ್ರೈನಿಗಳು ಎಲ್ಲ ಸೇರಿ ನಾನೂರು ಜನ ನಿಂತಿದ್ದರು. ಅಭ್ಯರ್ಥಿ ಖುಷಿಯಾಗಿ ಮೈಕ್ ಹಿಡಿದು, “ಈ ಕ್ಷೇತ್ರದಲ್ಲಿ ಓಟು ಇರೋರು ಕೈ ಎತ್ತಿ” ಅಂದರು. ಸುಮ್ನೆ ಮಾತು ಶುರು ಮಾಡೋಕೆ ಕೇಳಿದ್ದು ಅಷ್ಟೇ. ಹೆಚ್ಚಿನವರ ಓಟು ಮಳವಳ್ಳಿಯಲ್ಲಿ, ಮಧುಗಿರಿಯಲ್ಲಿ, ರಾಯಚೂರಿನಲ್ಲಿ, ಒಡಿಶಾದಲ್ಲಿ, ಬಿಹಾರದಲ್ಲಿ. ಎದ್ದ ಕೈಗಳನ್ನು ನಾನು ಎಣಿಸಿದೆ, ಖಜಾಂಚಿ ಬುದ್ಧಿ. ಮೂವತ್ತೆರಡು.

ಅವರು ಐದು ನಿಮಿಷ ಮಾತಾಡಿದರು. ಕ್ಯಾಂಟೀನಿನ ಹುಡುಗ ಟ್ರೇಯಲ್ಲಿ ಕಾಫಿ ತರುವಷ್ಟರಲ್ಲಿ ಕಾರು ಹತ್ತಿಯಾಗಿತ್ತು. ಕಾಫಿ ನಾವೇ ಕುಡಿದೆವು.